ಸದ್ದಿದ್ದ ತೋಟ

ನಮ್ಮೂರಿನಲ್ಲಿ ಔಷಧಿ ಬಿದ್ದ ನೆಲದ ಮೇಲೆ ಸದ್ದು ಹುಟ್ಟುವುದಿಲ್ಲ, ಬೇರೆ ಕಡೆಯ ಸದ್ದು ಅಲ್ಲಿ ಕೇಳಿಸುವುದೂ ಇಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ಗೊತ್ತಿದ್ದವರು ಯಾರಾದರೂ ಊರಿನಲ್ಲಿ ಇದ್ದಿದ್ದರೂ ಅವರು ಹೇಳಿದ್ದು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಟೊಮೇಟೊಗೆ ಹೊಡೆದರೂ ಅಷ್ಟೇ, ಕೋಸಿಗೆ ಹೊಡೆದರೂ ಅಷ್ಟೇ. ಹುಳ ಸಾಯುತ್ತದೆ, ಜೊತೆಗೆ ಸದ್ದೂ ಸಾಯುತ್ತದೆ. ಆ ನೆಲದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ತುಂಬಿದ ಕೊಡವನ್ನು ಎತ್ತಿ ಕಲ್ಲಿಗೆ ಹಾಕಿ, ಏನೂ ಇಲ್ಲ. ತರಕಾರಿಯ ಜೊತೆ, ಔಷಧಿ ಹೊಡೆಯುವ ಕ್ಯಾನಿನ ಜೊತೆ ಅದು ತೋಟದಿಂದ ಬೀದಿಗೆ ಬಂತು, ಬೀದಿಯಿಂದ ಮನೆಯೊಳಗೆ ಬಂತು. ನಾನು ಈ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಗುಡಿಯ ಗಂಟೆಯನ್ನು ಬಿಚ್ಚಿ ಬೋರಲು ಹಾಕಿ ಅದರೊಳಗೆ ತುಳಸಿ ನೆಟ್ಟಿದ್ದರು.

ಜನ ಹೊಂದಿಕೊಂಡರು. ಜನ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ ಹೇಳಿ. ಮಗು ಅತ್ತರೆ ಗೊತ್ತಾಗಲಿ ಎಂದು ಅದರ ಕಾಲಿಗೂ ತಾಯಿಯ ಕೈಗೂ ದಾರ ಕಟ್ಟುತ್ತಿದ್ದರು. ಅತ್ತೆ ಸೊಸೆಯ ಜಗಳ ಕಣ್ಣಲ್ಲೇ ಮುಗಿಯುತ್ತಿತ್ತು. ಮದುವೆಗೆ ವಾಲಗದವರು ಬಂದು ಕೆನ್ನೆ ಉಬ್ಬಿಸಿ ಊದಿ, ಉಂಡು, ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅವರು ಊದುವುದನ್ನು ಕಣ್ಣಾರೆ ನೋಡದೆ ತಾಳಿ ಕಟ್ಟಿಸಲು ಹಿರಿಯರು ಒಪ್ಪುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮೂರಿಗೆ ಬಂದಿರಲಿಲ್ಲ, ಅಷ್ಟೇ.

ತರಕಾರಿ ಮಂಡಿಯ ವ್ಯಾಪಾರವೆಲ್ಲ ಟವೆಲ್ಲಿನ ಕೆಳಗೆ. ಮಂಡಿಯ ರುದ್ರಪ್ಪ ತನ್ನ ಟವೆಲ್ಲನ್ನು ನಿಮ್ಮ ಕೈಮೇಲೆ ಹೊದಿಸುತ್ತಾನೆ, ಒಳಗೆ ಬೆರಳಿಗೂ ಬೆರಳಿಗೂ ಮಾತು ನಡೆಯುತ್ತದೆ. ಅಂಗೈ ಮೇಲೆ ತಟ್ಟಿದರೆ 'ಎಷ್ಟು' ಎಂದು ಕೇಳಿದ ಹಾಗೆ. ನೀವು ಎಷ್ಟು ಬೆರಳು ಚಾಚುತ್ತೀರೋ ಅಷ್ಟು ನಿಮ್ಮ ಬೆಲೆ. ಮಾಲು ಬೇಡವಾದರೆ ಅವನು ನಿಮ್ಮ ಬೆರಳನ್ನು ಮಡಿಸಿ, ಮುಷ್ಟಿ ಕಟ್ಟಿಸಿ, ಕೈಯನ್ನು ನಿಮಗೇ ವಾಪಸ್ಸು ಕೊಡುತ್ತಾನೆ. ಮುಷ್ಟಿ ಕಟ್ಟಿಸಿಕೊಂಡವರು ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಬೇಕು. ಟವೆಲ್ಲಿನ ಕೆಳಗೆ ಸುಳ್ಳು ಹೇಳಬಾರದು ಎನ್ನುವುದು ನಮ್ಮೂರಿನ ಕಟ್ಟುಪಾಡು. ಬಾಯಿ ಹೋದ ಮೇಲೆ ನಮಗೆ ಉಳಿದಿದ್ದ ಮಾತು ಅದೊಂದೇ.

ನನ್ನ ಹೆಸರು ದ್ಯಾವಮ್ಮ. ಕೆರೆ ಏರಿಯ ಕೆಳಗೆ ನಮ್ಮದೊಂದು ತುಂಡು ಬದನೆ ತೋಟ, ನಡುವೆ ಒಂದು ಬೇವಿನ ಮರ. ನಮ್ಮ ಯಜಮಾನರು ಇರುವಾಗ ಅದಕ್ಕೆ ಔಷಧಿ ಹೊಡೆಯಲಿಲ್ಲ, ಅವರು ಹೋದ ಮೇಲೆ ನಾನೂ ಹೊಡೆಯಲಿಲ್ಲ. ಇವಳು ಏನೋ ದೊಡ್ಡ ವ್ರತ ಹಿಡಿದವಳು ಎಂದುಕೊಳ್ಳಬೇಡಿ. ಹುಳ ಕಂಡರೆ ನನಗೂ ಮೈ ಉರಿಯುತ್ತದೆ. ಕಾರಣ ಇದ್ದಿದ್ದು ಒಂದೇ, ನಿಂಗಾಜಿ.

ನಿಂಗಾಜಿ ನನ್ನ ನಾದಿನಿ, ಯಜಮಾನರ ತಂಗಿ. ಹುಟ್ಟುಕುರುಡಿ. ಕಣ್ಣಿದ್ದವರಿಗೆ ಸದ್ದು ಹೋದರೆ ಅರ್ಧ ಲೋಕ ಹೋಯಿತು, ಇನ್ನರ್ಧ ಇರುತ್ತದೆ. ಅವಳಿಗೆ ಸದ್ದೂ ಹೋದರೆ ಉಳಿಯುವುದೇನು? ಮನೆಯಲ್ಲಿದ್ದಷ್ಟು ಹೊತ್ತು ಅವಳು ಗೋಡೆಗೆ ಒರಗಿಸಿಟ್ಟ ಮೂಟೆಯ ಹಾಗೆ ಕೂತಿರುತ್ತಿದ್ದಳು. ಊಟದ ತಟ್ಟೆ ಕೈಗೆ ತಾಕಿದರೆ ಬೆಚ್ಚಿ ಬೀಳುತ್ತಿದ್ದಳು. ಬೆಳಗಾದರೆ ನಾನು ಅವಳ ಕೈಹಿಡಿದು ಬೀದಿ ದಾಟಿ, ಏರಿ ಇಳಿದು, ಪಕ್ಕದ ಮುದ್ದೇಗೌಡನ ಟೊಮೇಟೊ ತೋಟದ ಬದುವಿನ ಮೇಲೆ ನಡೆಸಿಕೊಂಡು ನಮ್ಮ ತೋಟಕ್ಕೆ ಕರೆತರುತ್ತಿದ್ದೆ. ಕಾಲು ನಮ್ಮ ಮಣ್ಣಿಗೆ ತಾಕಿತೋ, ಅವಳ ಬಾಯಿ ತೆರೆಯಿತು. ಸಂಜೆಯ ತನಕ ಅದಕ್ಕೆ ಬಿಡುವಿರಲಿಲ್ಲ.

"ಬಂದ್ವಾ ಅತ್ಗೆ? ಇವತ್ತು ಗಾಳಿ ಏರಿ ಕಡೆಯಿಂದ ಬತ್ತಾ ಅದೆ. ಮರದ ಮೇಲೆ ಯಾವ್ದೋ ಹೊಸಾ ಹಕ್ಕಿ ಕೂತದೆ, ನೆನ್ನೆ ಇದು ಇರ್ಲಿಲ್ಲ. ನಿನ್ ಮೊಣಕಾಲು ಇವತ್ತೂ ಲಟಕ್ ಅಂತಾ ಅದೆ, ಎಣ್ಣೆ ಹಚ್ಕೊ ಅಂತ ಬಡ್ಕಂಡಿದ್ನಲ್ಲ."

"ನನ್ ಮೊಣಕಾಲ್ ಸುದ್ದಿ ನಿಂಗ್ಯಾಕೆ ತಾಯಿ, ಹುಳ ಎಲ್ಲವೆ ಹೇಳು."

ಅವಳು ಬದನೆ ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತು ಒಂದೊಂದು ಕಾಯನ್ನೂ ಗಿಡದಲ್ಲಿದ್ದ ಹಾಗೆಯೇ ಕಿವಿಗೆ ಆನಿಸಿಕೊಳ್ಳುತ್ತಿದ್ದಳು. ಕಾಯಿಕೊರಕ ಒಳಗಿದ್ದರೆ ಅವಳಿಗೆ ಕೇಳುತ್ತಿತ್ತು. "ಇದ್ರೊಳಗವ್ನೆ ನಿನ್ ಬೀಗ, ಉಣ್ತಾವ್ನೆ" ಎಂದು ಕಿತ್ತು ನನ್ನತ್ತ ಎಸೆಯುತ್ತಿದ್ದಳು. ನಾನು ಸೀಳಿದರೆ ಒಳಗೆ ಗುಲಾಬಿ ಬಣ್ಣದ ಹುಳ ನಿಶ್ಚಿಂತೆಯಾಗಿ ಮಲಗಿರುತ್ತಿತ್ತು. ಹೊತ್ತು ಮುಳುಗುವಾಗ ಅವಳನ್ನು ಮನೆಗೆ ಹೊರಡಿಸುವುದು ಒಂದು ದೊಡ್ಡ ಕೆಲಸ. ಇನ್ನೊಂಚೂರು ಅತ್ಗೆ, ಜೀರುಂಡೆ ಶುರುವಾಗ್ಲಿ ಅತ್ಗೆ, ಎಂದು ಮರವನ್ನು ಹಿಡಿದುಕೊಂಡು ನಿಲ್ಲುತ್ತಿದ್ದಳು. ಅವಳನ್ನು ಬದು ದಾಟಿಸುವಾಗ ದಿನಾ ನಾನೇ ಕೈಯಾರೆ ಅವಳನ್ನು ಬಾವಿಗೆ ಇಳಿಸುತ್ತಿದ್ದೇನೆ ಅನ್ನಿಸುತ್ತಿತ್ತು.

ಮಂಡಿಯ ಬೆರಳು ಮಾತನ್ನಾದರೂ ಕಲಿ, ಮನೆಯಲ್ಲಿ ನಾವಿಬ್ಬರು ಮಾತಾಡಬಹುದು ಎಂದು ನಾನು ಎಷ್ಟೋ ಸಲ ಹೇಳಿದೆ. "ಬಾಯಿ ಇರೋಳ್ಗೆ ಬೆರಳು ಯಾಕತ್ಗೆ" ಎಂದಳು. ಬಲವಂತ ಮಾಡಿದ್ದಕ್ಕೆ ಎಷ್ಟು ಎಂದು ತಟ್ಟುವುದನ್ನೂ ಬೇಡ ಎಂದು ಮಡಿಸುವುದನ್ನೂ ಕಲಿತು, "ಕೇಳೋದೊಂದು, ಬ್ಯಾಡ ಅನ್ನೋದೊಂದು, ಹೆಂಗಸ್ಗೆ ಇಷ್ಟು ಬಂದ್ರೆ ಸಾಕು" ಎಂದು ನಕ್ಕು ಅಲ್ಲಿಗೇ ಬಿಟ್ಟಳು.

ಔಷಧಿ ಹೊಡೆಯದೆ ಬದನೆ ಬೆಳೆಯುವುದೆಂದರೆ ಏನು ಎಂದು ನಿಮಗೆ ಹೇಳುತ್ತೇನೆ. ಬೇವಿನ ಹಣ್ಣು ಉದುರುವ ಕಾಲದಲ್ಲಿ ಒಂದೊಂದನ್ನೇ ಆಯ್ದು, ತೊಳೆದು, ನೆರಳಲ್ಲಿ ಒಣಗಿಸಿ, ಬೀಜವನ್ನು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯೆಲ್ಲ ನೀರಲ್ಲಿ ನೆನೆಸಬೇಕು. ಅದಕ್ಕೆ ಅಂಟವಾಳದ ನೊರೆ ಸೇರಿಸಬೇಕು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ಗಂಜಲದಲ್ಲಿ ಕಲಸಿದ್ದು ಬೇರೆ. ಅರೆದ ದಿನ ಕೈ ಉರಿ, ಕಣ್ಣುರಿ, ಅನ್ನ ಕಲಸಿದರೂ ಗಂಜಲದ ವಾಸನೆ. ಕಷಾಯವನ್ನು ಮಡಕೆಯಲ್ಲಿ ತುಂಬಿಕೊಂಡು, ಹಂಚಿಕಡ್ಡಿಯ ಪೊರಕೆ ಅದ್ದಿ, ಬಿಸಿಲು ತಗ್ಗಿದ ಮೇಲೆ ಗಿಡಗಿಡಕ್ಕೂ ಚಿಮುಕಿಸಬೇಕು. ಬಿಸಿಲಲ್ಲಿ ಹಾಕಿದರೆ ಅದರ ಸತ್ವ ಹೋಗುತ್ತದೆ, ಹಾಕಿದ ಮೇಲೆ ಮಳೆ ಬಂದರೆ ಅದೇ ಹೋಗುತ್ತದೆ. ಇಷ್ಟಾಗಿ ಹುಳ ಸಾಯುವುದಿಲ್ಲ, ಮುಖ ಸಿಂಡರಿಸಿಕೊಂಡು ನಾಲ್ಕು ದಿನ ದೂರ ಇರುತ್ತದೆ. ಪಕ್ಕದ ಮುದ್ದೇಗೌಡ ಬೆನ್ನಿಗೆ ಕ್ಯಾನು ಹಾಕಿಕೊಂಡು ಒಂದು ಬೆಳಗ್ಗೆ ಓಡಾಡಿದರೆ ಅವನ ತೋಟದಲ್ಲಿ ಒಂದು ಇರುವೆಯೂ ಇರುತ್ತಿರಲಿಲ್ಲ.

ಕ್ಯಾನು ನಮಗೂ ಬೇಕಾಗಿತ್ತು, ಆದರೆ ಊರಿನ ಯಾವ ಕ್ಯಾನನ್ನೂ ನಾನು ನಮ್ಮ ಬದು ಹತ್ತಿಸುತ್ತಿರಲಿಲ್ಲ. ನನ್ನ ಮದುವೆಯಾದ ಹೊಸತರಲ್ಲಿ ಯಜಮಾನರು ಯಾರದೋ ಕ್ಯಾನನ್ನು ಕೆರೆಯಲ್ಲಿ ಚೆನ್ನಾಗಿ ತೊಳೆದು ತಂದು, ಬರೀ ನೀರು ತುಂಬಿ, ಮೂಲೆಯ ಸಸಿಮಡಿಗೆ ಹೊಡೆದಿದ್ದರು. ಆ ಮೂಲೆ ಅವತ್ತು ಮೂಕಾಗಿದ್ದು ಇವತ್ತಿಗೂ ಹಾಗೇ ಇದೆ. ಆ ಡಬ್ಬದ ಹೊಟ್ಟೆಯಲ್ಲಿ ಎಷ್ಟು ಬಿದ್ದಿರುತ್ತದೋ, ಪೈಪಿನ ಸಂದಿಯಲ್ಲಿ ಎಷ್ಟು ಕೂತಿರುತ್ತದೋ ಯಾರು ಬಲ್ಲರು. ನಿಂಗಾಜಿ ಆ ಮೂಲೆಗೆ ಕಾಲಿಡುತ್ತಿರಲಿಲ್ಲ. "ಅಲ್ಲಿ ಗುಂಡಿ ಅದೆ" ಎನ್ನುತ್ತಿದ್ದಳು. ಹೊಸ ಕ್ಯಾನು ತರುವ ಯೋಗ್ಯತೆ ನಮಗಿರಲಿಲ್ಲ, ಇದ್ದ ಪೊರಕೆಯಲ್ಲೇ ಕಾಲ ಹಾಕಿದೆವು.

ಅಕ್ಕಪಕ್ಕದವರು ಔಷಧಿ ಹೊಡೆದಾಗ ಸತ್ತದ್ದು ಸತ್ತಿತು, ತಪ್ಪಿಸಿಕೊಂಡದ್ದು ಎಲ್ಲಿಗೆ ಹೋಗಬೇಕು? ಊರಿನ ಹುಳಕ್ಕೆಲ್ಲ ನಮ್ಮ ತೋಟ ತವರುಮನೆಯಾಯಿತು. ಬಿಳಿ ನೊಣ, ಗಿಡದ ಹೇನು, ಕಾಯಿಕೊರಕ, ಎಲ್ಲ ಮಕ್ಕಳು ಮರಿ ಸಮೇತ ಬಂದು ಇಳಿದವು. ಹೇನು ತಿನ್ನುವ ಗುಲಗಂಜಿ ಹುಳಗಳನ್ನು ನಾವು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದರೆ, ಅವು ಹಾಳಾದವು ಬದುವಿನಾಚೆ ಹಾರಿ ಹೋಗಿ ಟೊಮೇಟೊ ಎಲೆಯ ಮೇಲೆ ಬೋರಲಾಗಿ ಬೀಳುತ್ತಿದ್ದವು. ನಾವು ಸಾಕಿದ್ದು ಆಚೆ ಹೋಗಿ ಸಾಯುವುದು, ಅವರು ಓಡಿಸಿದ್ದು ಈಚೆ ಬಂದು ತಿನ್ನುವುದು. ಸುತ್ತ ಚೆಂಡುಹೂ ಹಾಕಿದೆ, ಹಳದಿ ಡಬ್ಬಕ್ಕೆ ಹರಳೆಣ್ಣೆ ಬಳಿದು ಕಂಬಕ್ಕೆ ಸಿಕ್ಕಿಸಿದೆ, ಗಾಳಿಯಲ್ಲಿ ಔಷಧಿ ತೂರಿ ಬರದಿರಲಿ ಎಂದು ಬದುವಿನುದ್ದಕ್ಕೂ ಎತ್ತರದ ಜೋಳ ಬಿತ್ತಿದೆ. ಆದರೂ ವರ್ಷಾ ವರ್ಷಾ ಅಂಚಿನ ಒಂದೆರಡು ಸಾಲು ಮೂಕಾಗುತ್ತಲೇ ಬಂತು. ನಿಂಗಾಜಿಯ ಲೋಕ ಸುತ್ತಲಿಂದ ಚಿಕ್ಕದಾಗುತ್ತಿತ್ತು.

ಹಾಗೆಂದು ಊರಿನವರಿಗೆ ನಮ್ಮ ತೋಟ ಬೇಡವಾಗಿತ್ತೇ? ಶಿವಶಿವಾ, ಸಂಜೆಯಾದರೆ ಬದುವಿನ ಮೇಲೆ ಜಾತ್ರೆ. ಹೆಣ್ಣು ಗಂಡಿನ ಮಾತುಕತೆ ನಮ್ಮ ಬೇವಿನ ಮರದ ಕೆಳಗೆ. ಅಣ್ಣತಮ್ಮಂದಿರ ಪಾಲುಪಾರೀಕತ್ತು ನಮ್ಮ ಬದನೆ ಸಾಲಿನಲ್ಲಿ. ಬಾಣಂತಿಯರು ಮಗುವನ್ನು ಎತ್ತಿಕೊಂಡು ಬಂದು, ಅದರ ಕುಂಡಿ ಚಿವುಟಿ ಅಳಿಸಿ, ಕೇಳಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಗಂಡ ಹೆಂಡತಿ ಬಂದು ವಾರದ ಜಗಳವನ್ನೆಲ್ಲ ಒಂದೇ ಏಟಿಗೆ ಆಡಿ ಮುಗಿಸಿ ತೃಪ್ತಿಯಿಂದ ಮನೆಗೆ ಹೊರಡುತ್ತಿದ್ದರು. ನಾನೂ ಒಂದು ಕರಾರು ಹಾಕಿದ್ದೆ. ಮಾತಾಡುವವರು ಮಾತಾಡುತ್ತಾ ಹುಳ ಆರಿಸಬೇಕು. ಬಾಯಿಗೆ ಕೆಲಸ ಸಿಕ್ಕಿದವರು ಕೈಗೆ ಯಾಕೆ ಬಿಡುವು ಕೊಡಬೇಕು? ಮೊದಮೊದಲು ಆರಿಸಿದರು. ಆಮೇಲೆ ಮಾತು ಹೆಚ್ಚಾಗಿ ಹುಳ ಕಡಿಮೆಯಾಯಿತು, ಅಂದರೆ ಡಬ್ಬದಲ್ಲಿ ಕಡಿಮೆಯಾಯಿತು.

ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವನು ಮುದ್ದೇಗೌಡ. ಆಳು ಬಾಗಿಲು ಬಗ್ಗಿ ಬರುವಷ್ಟು ಎತ್ತರ, ದನಿ ಮಾತ್ರ ಪೀಪಿ. ಅದನ್ನು ಮೊದಲ ಸಲ ಕೇಳಿದಾಗ ನಿಂಗಾಜಿ, "ಯಾವೂರಮ್ಮಾ ನಿಂದು, ಬಾ ಕೂತ್ಕೊ" ಎಂದಿದ್ದಳು. ಅವತ್ತಿನಿಂದ ಇಬ್ಬರಿಗೂ ಸಲುಗೆ. ಅವನು ಇಲ್ಲದ ಸಲ್ಲದ ಸುಳ್ಳು ಕತೆ ಹೇಳಿ ಅವಳನ್ನು ನಗಿಸುತ್ತಿದ್ದ. ಅವನ ತಾಯಿ ತೀರಿಕೊಂಡಾಗ ಮಣ್ಣು ಮಾಡಿ ಸೀದಾ ನಮ್ಮ ತೋಟಕ್ಕೆ ಬಂದು, ಮರಕ್ಕೆ ಹಣೆ ಚಚ್ಚಿಕೊಂಡು ಅವ್ವಾ ಅವ್ವಾ ಎಂದು ಅತ್ತ. ಮನೆಯಲ್ಲಿ ಬಾಯಿ ತೆರೆದು ಎಷ್ಟು ಅತ್ತರೂ ಅತ್ತ ಹಾಗಾಗಲಿಲ್ಲ ಕಣಕ್ಕ ಎಂದು ಆಮೇಲೆ ನನಗೆ ಹೇಳಿದ. ಅವನು ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಮ್ಮೂರಿನಲ್ಲಿ ಯಾರೂ ಕೆಟ್ಟವರಿರಲಿಲ್ಲ.

ಇಷ್ಟೆಲ್ಲ ಜನ ಬಂದರೂ ನಮ್ಮ ಬದನೆಕಾಯಿ ಮಾತ್ರ ಯಾರಿಗೂ ಬೇಡ. ಎಲ್ಲರ ಮನೆಯ ದೋಸೆಯೂ ತೂತೇ ಅಂತಾರಲ್ಲ, ಬದನೆಕಾಯಿ ತೂತಾದರೆ ಮಾತ್ರ ಆಗುವುದಿಲ್ಲ. ಮಂಡಿಯಲ್ಲಿ ರುದ್ರಪ್ಪ ನನ್ನ ಬುಟ್ಟಿಗೆ ಕೈ ಹಾಕಿ, ಒಂದು ಕಾಯಿ ತಿರುಗಿಸಿ ನೋಡಿ, ಟವೆಲ್ಲಿನ ಕೆಳಗೆ ನನ್ನ ಬೆರಳುಗಳನ್ನು ಮಡಿಸಿ ಕೈಯನ್ನು ವಾಪಸ್ಸು ಕೊಡುತ್ತಿದ್ದ. ಅದೇ ರುದ್ರಪ್ಪ ವಾರಕ್ಕೊಮ್ಮೆ ಹೆಂಡತಿಯನ್ನು ಕರೆದುಕೊಂಡು ನಮ್ಮ ತೋಟಕ್ಕೆ ಬರುತ್ತಿದ್ದ. ಒಂದು ಸಲ ನಾನು ಬಿಡಲಿಲ್ಲ, ಕೇಳಿಯೇಬಿಟ್ಟೆ.

"ನಾನೇನ್ ಮಾಡ್ಲಿ ದ್ಯಾವಕ್ಕ" ಎಂದ. "ತೂತಿರೋ ಮಾಲು ಇಟ್ರೆ ಗಿರಾಕಿ ನನ್ ಮುಖಕ್ಕೆ ಎಸೀತಾನೆ. ಫಳಫಳ ಅಂತಿರ್ಬೇಕು ಅವ್ರಿಗೆ. ಆ ತೂತ್ನಿಂದ್ಲೇ ನನ್ ಮಾತು ಆಚೆ ಬತ್ತಾ ಇರೋದು ಅಂತ ನಂಗೂ ಗೊತ್ತು. ಅದ್ನ ಗಿರಾಕಿಗೆ ಹೆಂಗ್ ಹೇಳ್ಲಿ, ಅಲ್ಲಿ ನಂಗೆ ಬಾಯೇ ಇಲ್ವಲ್ಲ."

ಅದೂ ನಿಜವೇ. ಮನೆಗೆ ತಂದ ಬದನೆಕಾಯನ್ನು ನಾವಿಬ್ಬರು ಮೂರು ಹೊತ್ತೂ ತಿಂದೆವು. ಉಳಿದಿದ್ದನ್ನು ಸೀಳಿ ಒಣಗಿಸಿದೆ. ಅದನ್ನೂ ತಿಂದೆವು.

ಒಂದು ಸಂಜೆ ತೋಟದ ತುಂಬ ಜನ ಇದ್ದಾಗ ನಾನು ಮರದ ಕೆಳಗೆ ನಿಂತು ಕೈಮುಗಿದು ಕೇಳಿದೆ. "ಒಂದು ಬೆಳೆ, ಒಂದೇ ಒಂದು ಬೆಳೆ, ಎಲ್ರೂ ಒಟ್ಟಿಗೆ ಔಷ್ದಿ ಬಿಡಿ. ನಾನೊಬ್ಳೇ ಬಿಟ್ರೆ ಹುಳ ಎಲ್ಲಾ ನನ್ ತಲೆ ಮೇಲೆ ಬತ್ತವೆ. ಎಲ್ರೂ ಬಿಟ್ರೆ ಹಂಚ್ಕೊಂಡು ತಿಂತವೆ, ಹುಳ ತಿನ್ನೋ ಹುಳಾನೂ ಬತ್ತದೆ. ಕಷಾಯ ಹೆಂಗ್ ಮಾಡೋದು ಅಂತ ನಾನು ತೋರುಸ್ಕೊಡ್ತೀನಿ, ಬೀಜ ನಂದೇ ಕೊಡ್ತೀನಿ."

ಎಲ್ಲರೂ ಒಪ್ಪಿದರು. ಅಷ್ಟು ಜನ ಒಟ್ಟಿಗೆ ಆಗಲಿ ಎಂದ ಸದ್ದು ಕೇಳಿ ನಿಂಗಾಜಿ ಮಕ್ಕಳ ಹಾಗೆ ಕುಣಿದಳು. ಮುದ್ದೇಗೌಡ ಅವಳ ತಲೆ ಮುಟ್ಟಿ ಆಣೆ ಮಾಡಿದ. ಆ ಹೊತ್ತಿಗೆ ಅವರು ಆಡಿದ್ದು ಮನಸಾರೆ ಆಡಿದ ಮಾತೇ. ಆದರೆ ಮಾತು ನಮ್ಮ ತೋಟದ್ದು, ಬದು ದಾಟಿದ ಮೇಲೆ ಅದು ಅವರಿಗೇ ಕೇಳಿಸುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಕಳೆಯಿತು. ಟೊಮೇಟೊ ಹಣ್ಣಾಗುವ ಮುಂಚೆ ಎಲೆ ಮುದುರಲು ಶುರುವಾಯಿತು. ಒಬ್ಬ ತಡೆಯಲಾರದೆ ಹೊಡೆದ. ಅವನು ಹೊಡೆದ ಎಂದು ಇನ್ನೊಬ್ಬ. ಬೆಳಗ್ಗೆ ನಾವು ಬರುವಾಗ ಮುದ್ದೇಗೌಡನ ಬದುವಿನಲ್ಲಿ ಘಾಟು ಮೂಗಿಗೆ ಹೊಡೆಯಿತು. ಅವನು ನನ್ನನ್ನು ಕಂಡು ತಲೆ ತಗ್ಗಿಸಿದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಏನೆನ್ನಲಿ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದಳು ನಿಂಗಾಜಿ, ತೋಟದೊಳಗೆ ಕಾಲಿಟ್ಟ ಮೇಲೆ. "ನಮ್ಮೋರು ಬದನೆಕಾಯ್ನೂ ತಿನ್ನಲ್ವಲ್ಲ ಅತ್ಗೆ." ನಗಿಸಲು ಹೇಳಿದಳು. ನನಗೆ ನಗು ಬರಲಿಲ್ಲ.

ಅದರ ಹಿಂದೆಯೇ ಜಡಿಮಳೆ ಹಿಡಿಯಿತು. ನಾನು ಸಂಜೆ ಚಿಮುಕಿಸಿದ ಕಷಾಯವನ್ನು ರಾತ್ರಿ ಮಳೆ ತೊಳೆಯಿತು, ಮತ್ತೆ ಕುಟ್ಟಿ ನೆನೆಸಿ ಹಾಕಿದರೆ ಮತ್ತೆ ತೊಳೆಯಿತು. ಗಿಡದ ಸುಳಿಗಳೆಲ್ಲ ಬಾಡಿ ಜೋತುಬಿದ್ದವು. ನಿಂಗಾಜಿ ಕಿವಿಗೆ ಆನಿಸಿದ ಕಾಯಿಗಳಲ್ಲೆಲ್ಲ ಹುಳ. ಒಂದು ಸಂಜೆ ನಾನು ತಾಳಲಾರದೆ ಸಾಲಿನ ನಡುವೆ ಕೂತುಬಿಟ್ಟೆ. "ಈ ಬೆಳೆ ಕೈ ಕೊಟ್ರೆ ಆಯ್ತು ಕಣೆ ನಿಂಗಾಜಿ. ತೋಟ ಗುತ್ತಿಗೆಗೆ ಕೊಡ್ದೆ ಗತಿ ಇಲ್ಲ. ತಗೊಂಡೋರು ಔಷ್ದಿ ಹೊಡೀದೆ ಬುಡ್ತಾರಾ?" ಎಂದೆ. ಅವಳು ಪಕ್ಕದ ಗಿಡವನ್ನು ತಡವಿ ಒಂದು ಕಾಯನ್ನು ಕಿವಿಗೆ ಆನಿಸಿಕೊಂಡಳು. ಆಮೇಲೆ, "ನಾನು ಇನ್ನೂ ಚೂಪಾಗಿ ಕೇಳ್ತೀನಿ ಅತ್ಗೆ, ಒಂದು ಹುಳಾನೂ ಬುಡಲ್ಲ" ಎಂದಳು. ಬೇವಿನ ಮರದ ಹತ್ತಿರ ಮುದ್ದೇಗೌಡ ನಿಂತಿದ್ದ. ನನ್ನ ಮಾತು ಅವನ ಕಿವಿಗೂ ಬಿದ್ದಿತ್ತು, ನನ್ನ ಪೊರಕೆಯ ಕಡೆ ನೋಡಿ ಹೊರಟುಹೋದ.

ಮಳೆ ಬಿಟ್ಟ ಬೆಳಗ್ಗೆ ನಾನು ದೊಡ್ಡ ಹಂಡೆಯ ತುಂಬ ಕಷಾಯ ಸೋಸಿ ಮರದ ಬುಡದಲ್ಲಿಟ್ಟೆ. ಸಂಜೆಗೆ ಹಾಕಬೇಕಾಗಿದ್ದು. ಇದ್ದಬದ್ದ ಕಾಯನ್ನು ಬುಟ್ಟಿಗೆ ತುಂಬಿ, "ಮಂಡಿಗೆ ಹೋಗಿ ಬತ್ತೀನಿ, ಇಲ್ಲೇ ಕೂತಿರು" ಎಂದೆ.

"ರುದ್ರಪ್ಪಂಗೆ ನಾನು ಬೈದೆ ಅಂತ ಹೇಳು" ಎಂದಳು ನಿಂಗಾಜಿ. "ಹೇಳಕ್ಕಾಗಲ್ಲ ಅಲ್ವಾ, ಹಂಗಾದ್ರೆ ಬೆರಳು ಮುರಿ." ಅವಳ ನಗು ಅಂಚಿನ ಮೂಕ ಸಾಲಿನ ತನಕ ನನ್ನ ಹಿಂದೆ ಬಂತು. ಅಲ್ಲಿ ಕಾಲಿಟ್ಟೆ, ನಿಂತುಹೋಯಿತು.

ಆ ದಿನ ಮಂಡಿಯಲ್ಲಿ ಮಾಲೇ ಇರಲಿಲ್ಲ. ಮಳೆಗೆ ಊರಿನ ಟೊಮೇಟೊವೆಲ್ಲ ಕೊಳೆತಿತ್ತು. ರುದ್ರಪ್ಪ ನನ್ನ ಬುಟ್ಟಿಯನ್ನು ನೋಡಿದ, ನನ್ನ ಮುಖ ನೋಡಿದ, ಟವೆಲ್ಲು ಹೊದಿಸಿ ಅಂಗೈ ತಟ್ಟಿದ. ನಾನು ಹೆದರಿ ಹೆದರಿ ಬೆರಳು ಚಾಚಿದೆ. ಮಡಿಸುತ್ತಾನೆ ಎಂದು ಕಾದೆ. ಮಡಿಸಲಿಲ್ಲ. ಚಾಚಿದಷ್ಟನ್ನೂ ಗಟ್ಟಿಯಾಗಿ ಹಿಡಿದ. ಆಮೇಲೆ ಬುಟ್ಟಿಯನ್ನು ತೋರಿಸಿ, ದಿನಾ ತಾ ಎನ್ನುವಂತೆ ಕೈ ಆಡಿಸಿದ. ನನ್ನ ಕಣ್ಣಲ್ಲಿ ನೀರು ಬಂತು. ಸಾಕು, ಇಷ್ಟು ಸಾಕು, ಈ ಬೆಳೆ ದಾಟಿದರೆ ಇನ್ನೊಂದು ವರ್ಷ ತೋಟ ನಮ್ಮದು, ಇನ್ನೊಂದು ವರ್ಷ ನಿಂಗಾಜಿ ಮಾತಾಡುತ್ತಾಳೆ ಎಂದುಕೊಂಡು ಖಾಲಿ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ಓಡುವ ಹಾಗೆ ಬಂದೆ. ಬೆಲ್ಲ ಕೊಂಡೆ, ಅವಳಿಗೆ ಬೆಲ್ಲವೆಂದರೆ ಪ್ರಾಣ.

ಜೋಳದ ಸಾಲು ದಾಟಿ ಒಳಗೆ ಕಾಲಿಟ್ಟು, "ನಿಂಗಾಜಿ, ಬೆರಳು ಮಡ್ಚಲಿಲ್ಲ ಕಣೆ" ಎಂದೆ. ಎಂದೆನೆಂದುಕೊಂಡೆ. ನನ್ನ ಮಾತು ನನಗೇ ಕೇಳಲಿಲ್ಲ. ಅಂಚಿನ ಸಾಲು ತಾನೇ, ಮೂಕಾದದ್ದು ಹಳೆಯ ಸಂಗತಿ ಎಂದು ಮುಂದಿನ ಸಾಲಿಗೆ ಬಂದೆ. ಅಲ್ಲೂ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಎಲೆಗಳೆಲ್ಲ ಒದ್ದೆಯಾಗಿದ್ದವು, ತೊಟ್ಟಿಕ್ಕುತ್ತಿದ್ದವು. ಬೇವಿನ ವಾಸನೆಯೇ, ನನ್ನ ಕಷಾಯದ್ದೇ.

ಮರದ ಹತ್ತಿರ ಮುದ್ದೇಗೌಡನೂ ಇನ್ನು ನಾಲ್ಕು ಜನ ನೆರೆಯವರೂ ನಿಂತಿದ್ದರು. ಎಲ್ಲರ ಬೆನ್ನ ಮೇಲೂ ಕ್ಯಾನು. ಹಂಡೆ ಖಾಲಿಯಾಗಿತ್ತು.

ಮುದ್ದೇಗೌಡ ನನ್ನನ್ನು ಕಂಡವನೇ ಬಾಯಿ ತೆರೆದು ಏನೋ ಹೇಳಿದ, ಕೇಳಲಿಲ್ಲ. ಕೈಯಲ್ಲಿ ತೋರಿಸಿದ. ಹಂಡೆಯನ್ನು ತೋರಿಸಿದ, ನಿಂದೇ ಕಷಾಯ ಎಂದು. ಕ್ಯಾನನ್ನು ಕೆಳಗಿಟ್ಟು, ಕೆರೆಯ ಕಡೆ ಕೈ ಮಾಡಿ, ತಿಕ್ಕಿ ತಿಕ್ಕಿ ತೊಳೆದಂತೆ ಮಾಡಿ ತೋರಿಸಿದ, ಮತ್ತೆ ಮತ್ತೆ ತೋರಿಸಿದ. ನನ್ನ ಪೊರಕೆಯನ್ನು ಎತ್ತಿ, ಬಗ್ಗಿದ ಸೊಂಟವನ್ನು ಹಿಡಿದುಕೊಂಡು, ನೀನು ಒಬ್ಬಳೇ ಎಷ್ಟು ದಿನ ಹಾಕುತ್ತಿದ್ದೆ ಎಂದು ತೋರಿಸಿದ. ಬೇರೇನೂ ಹಾಕಿಲ್ಲ ಎಂದು ಎರಡು ಅಂಗೈಗಳನ್ನೂ ಬಿಚ್ಚಿ ಹಿಡಿದ. ಅಂಚುಗಳಿಂದ ಶುರುಮಾಡಿ ನಡುವಿಗೆ ಬಂದಿದ್ದರು. ಕ್ಯಾನು ಬೆನ್ನಿಗೇರಿದ ಮೇಲೆ ಸದ್ದಿಲ್ಲದಿರುವುದು ಅವರಿಗೆ ಹುಟ್ಟಿದಾಗಿನಿಂದ ರೂಢಿ. ಒಂದರ ಹಿಂದೊಂದು ಸಾಲು ಮೂಕಾಗುತ್ತಿದ್ದದ್ದು ಐದು ಜನರಲ್ಲಿ ಒಬ್ಬನಿಗೂ ಗೊತ್ತಾಗಿರಲಿಲ್ಲ. ಗೊತ್ತಾಗಬಹುದಾಗಿದ್ದವಳು ಒಬ್ಬಳೇ. ಅವಳು ಕೂಗಿಕೊಂಡೂ ಇದ್ದಾಳು, ಮೂಕ ಸಾಲಿನಲ್ಲಿ ನಿಂತವರಿಗೆ ಅದು ಹೇಗೆ ಕೇಳಬೇಕು.

ಮುದ್ದೇಗೌಡ ಅಳುತ್ತಿದ್ದ. ನಮ್ಮ ತೋಟದಲ್ಲಿ ಸದ್ದಿಲ್ಲದೆ ಅವನು ಅತ್ತದ್ದು ಅದೇ ಮೊದಲು. ನಾನು ಅವನಿಗೆ ಏನೆಂದು ಬಯ್ಯಲಿ, ಯಾವ ಬಾಯಲ್ಲಿ ಬಯ್ಯಲಿ. ಅವರು ನನ್ನನ್ನು ಉಳಿಸಲು ಬಂದಿದ್ದರು.

ನಿಂಗಾಜಿ ಮರದ ಬುಡದಲ್ಲಿರಲಿಲ್ಲ. ದೂರದ ಸಾಲಿನಲ್ಲಿ ಒಂದು ಕೈಯಿಂದ ಗಿಡಗಳನ್ನು ಸವರುತ್ತ ನಡೆಯುತ್ತಿದ್ದಳು. ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಚಪ್ಪಾಳೆ ತಟ್ಟುವುದು, ಕಿವಿಗೊಡುವುದು, ಮತ್ತೆ ಎರಡು ಹೆಜ್ಜೆ. ಹೀಗೆ ಆ ಸಾಲು ಮುಗಿಸಿ ಈ ಸಾಲಿಗೆ ಬಂದಳು. ಎಲ್ಲಾದರೂ ಒಂದು ಮೊಳ ಜಾಗ ಬಿಟ್ಟಿರಬಹುದು ಎಂದು ಅವಳಿಗೆ ಆಸೆ. ಒಂದು ಬದನೆಕಾಯಿಗೆ ಕೈ ತಾಕಿತು, ಬಗ್ಗಿ ಅದನ್ನು ಕಿವಿಗೆ ಆನಿಸಿಕೊಂಡಳು, ಬಹಳ ಹೊತ್ತು ಹಾಗೇ ಇದ್ದಳು. ನಾನು ಹೋಗಿ ಭುಜ ಮುಟ್ಟಿದಾಗ ಮನೆಯಲ್ಲಿ ಬೆಚ್ಚುವ ಹಾಗೆ ಬೆಚ್ಚಿದಳು.

ಅವಳನ್ನು ಮರದ ಕೆಳಗೆ ಕರೆತಂದು ಕೂರಿಸಿಕೊಂಡೆ. ಅವಳ ಬಾಯಿ ಆಡುತ್ತಲೇ ಇತ್ತು. ಅತ್ಗೆ ಎಂದದ್ದು ಮಾತ್ರ ತುಟಿಯಲ್ಲಿ ತಿಳಿಯಿತು. ಬೆಲ್ಲ ಕೈಗಿಟ್ಟೆ, ಮಡಿಲಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬಾಯಿ ನಿಂತಿತು. ತಡವರಿಸಿ ನನ್ನ ಕೈ ಹುಡುಕಿ ಹಿಡಿದು, ನನ್ನ ಸೆರಗನ್ನು ಎಳೆದು ಇಬ್ಬರ ಕೈಮೇಲೆ ಹೊದಿಸಿದಳು. ಅದರ ಕೆಳಗೆ ನನ್ನ ಅಂಗೈ ಮೇಲೆ ತಟ್ಟಿದಳು.

ಎಷ್ಟು?

ನಾನು ಸಸಿಮಡಿಯ ಆ ಮೂಲೆಯ ಕಡೆ ನೋಡಿದೆ. ಅಲ್ಲಿ ಸದ್ದು ಹೋದಾಗ ನನ್ನ ತಲೆಕೂದಲು ಕಪ್ಪಗಿತ್ತು. ಟವೆಲ್ಲಿನ ಕೆಳಗೆ ಇವತ್ತಿನವರೆಗೆ ಸುಳ್ಳು ಹೇಳಿದವಳಲ್ಲ ನಾನು. ಒಂದು ಬೆರಳು ಚಾಚಿದೆ. ಒಂದೇ ಬೆಳೆ, ತಾಯಿ, ಇದೊಂದು ಬೆಳೆ ಕಳೆಯಲಿ, ಸದ್ದು ಬರುತ್ತದೆ.

ಅವಳು ಆ ಬೆರಳನ್ನು ಹಿಡಿದುಕೊಂಡೇ ಇದ್ದಳು. ಉಗುರಿನಿಂದ ಬುಡದ ತನಕ ಸವರಿದಳು. ಆಮೇಲೆ ನೋವಾಗದ ಹಾಗೆ, ಮೆಲ್ಲಗೆ ಅದನ್ನು ಮಡಿಸಿ, ನನ್ನ ಕೈಯನ್ನು ಮುಷ್ಟಿ ಮಾಡಿ ನನ್ನ ಮಡಿಲಿಗೇ ಇಟ್ಟಳು. ಎದ್ದು ನಿಂತು, ಮನೆಗೆ ಕರಕೊಂಡು ಹೋಗು ಎನ್ನುವಂತೆ ಕೈ ಚಾಚಿದಳು. ಹೊತ್ತು ಇನ್ನೂ ನೆತ್ತಿಯ ಮೇಲೆಯೇ ಇತ್ತು.